ಸ್ತನ ಹಿಗ್ಗಿಸುವ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮೊದಲು ಏನೇನು ಕೇಳಬೇಕು?

ಇಬ್ಬನಿ:

ನನಗೆ 34 ವರ್ಷ. ಇಬ್ಬರು ಮಕ್ಕಳಿಗೂ ಒಂದೂವರೆ ವರ್ಷದವರೆಗೆ ಎದೆಹಾಲು ಕುಡಿಸಿದ್ದೇನೆ. ಚಿಕ್ಕವಳು ಹಾಲು ಬಿಟ್ಟು ಎರಡು ವರ್ಷವಾಯಿತು. ಅಂದಿನಿಂದ ಎದೆಯ ಮೇಲ್ಭಾಗ ಬರಿದಾಗಿ ಕುಗ್ಗಿಹೋಗಿದೆ. ಕನ್ನಡಿಯ ಮುಂದೆ ನಿಂತಾಗ ಇದು ನನ್ನ ಮೈ ಎನಿಸುವುದೇ ಇಲ್ಲ. ಯಾರೂ ಒತ್ತಾಯ ಮಾಡಿಲ್ಲ, ಆಸೆ ನನ್ನದೇ.

ಕಳೆದ ವಾರ ಒಬ್ಬ ಪ್ಲಾಸ್ಟಿಕ್ ಸರ್ಜನ್ ಅವರನ್ನು ಕಂಡೆ. ಭೇಟಿ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಸಿಲಿಕೋನ್ ಇಂಪ್ಲಾಂಟ್, 325 ಸಿ.ಸಿ., ಸ್ತನದ ಕೆಳಮಡಿಕೆಯಲ್ಲಿ ಕೊಯ್ದು ಸ್ನಾಯುವಿನ ಅಡಿಯಲ್ಲಿ ಇಡುವುದು ಎಂದು ಬರೆದುಕೊಟ್ಟರು. “ಒಂದೇ ದಿನದ ಕೆಲಸ, ವಾರದೊಳಗೆ ಓಡಾಡುತ್ತೀರಿ” ಎಂದರು. ಮೂರು ವಾರಗಳ ನಂತರದ ದಿನಾಂಕವನ್ನೂ ಕೊಟ್ಟಿದ್ದಾರೆ. ಹೊರಗೆ ಬಂದ ಮೇಲೆ, ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಲ್ಲ ಎಂದು ಹೊಳೆಯಿತು. ಏನು ಕೇಳಬೇಕೆಂಬುದೇ ಗೊತ್ತಿರಲಿಲ್ಲ. ಮಾಡಿಸಿಕೊಂಡವರು ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಿ. ನಿಮಗೆ ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು ಎನಿಸಿದ ಸಂಗತಿ ಯಾವುದು?

ತೊರೆ:

ಇಬ್ಬನಿಯವರೇ, ನಾನು ಬಟ್ಟೆ ಹೊಲಿಯುವವಳು. 2012ರಲ್ಲಿ, 29ನೆಯ ವಯಸ್ಸಿನಲ್ಲಿ, ಎರಡೂ ಕಡೆ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡೆ. 2021ರಲ್ಲಿ ಎರಡನ್ನೂ ತೆಗೆಸಿ ಹೊಸದನ್ನು ಹಾಕಿಸಿಕೊಂಡೆ. ನನ್ನ ಎಡಗಡೆಯದು ಹುಟ್ಟಿನಿಂದಲೇ ತೀರ ಚಿಕ್ಕದು. ಹದಿನೈದು ವರ್ಷ ನನ್ನ ಪ್ರತಿ ಉಡುಪಿನ ಎಡಭಾಗಕ್ಕೆ ಅಸ್ತರಿನ ಒಳಗೆ ಪದರ ಕೊಟ್ಟು ನಾನೇ ಹೊಲಿದುಕೊಳ್ಳುತ್ತಿದ್ದೆ. ಆ ಪದರ ಇಲ್ಲದ ಅಂಗಿಯನ್ನು ಮೊದಲ ಸಲ ತೊಟ್ಟ ದಿನ ಅತ್ತಿದ್ದೇನೆ. ಮಾಡಿಸಿಕೊಂಡದ್ದಕ್ಕೆ ನನಗೆ ಇಂದಿಗೂ ವಿಷಾದವಿಲ್ಲ. ಆದರೆ ಆಗ ಒಂದು ಶಸ್ತ್ರಚಿಕಿತ್ಸೆಗೆ ಸಹಿ ಹಾಕುತ್ತಿದ್ದೇನೆ ಎಂದುಕೊಂಡಿದ್ದೆ. ಹಾಕಿದ್ದು ಎರಡಕ್ಕೆ, ಬದುಕಿದ್ದರೆ ಮೂರಕ್ಕೆ.

ಆದ್ದರಿಂದ ಮೊದಲು ಹತ್ತನೆಯ ವರ್ಷದ ಬಗ್ಗೆ ಕೇಳಿ. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವಲ್ಲ. ಇಷ್ಟೇ ವರ್ಷಕ್ಕೆ ಬದಲಿಸಲೇಬೇಕೆಂಬ ಗಡುವು ಇಲ್ಲ, ನಿಜ. ಕೆಲವರಿಗೆ ಇಪ್ಪತ್ತು ವರ್ಷ ಬಾಳುತ್ತದೆ, ಕೆಲವರಿಗೆ ಎರಡು ಮೂರು ವರ್ಷಕ್ಕೇ ತೊಂದರೆ ಶುರುವಾಗುತ್ತದೆ. ಆದರೆ ವರ್ಷ ಕಳೆದಂತೆ ಒಡೆಯುವ, ಗಟ್ಟಿಯಾಗುವ ಸಂಭವ ಹೆಚ್ಚುತ್ತದೆ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರಿನಲ್ಲಿ ಇದನ್ನು ಚೌಕಟ್ಟು ಹಾಕಿದ ಎಚ್ಚರಿಕೆಯಾಗಿ ಮುದ್ರಿಸುವಂತೆ ತಯಾರಕರಿಗೆ ಆದೇಶಿಸಿತು. ವೈದ್ಯರು ಒಂದೊಂದೇ ಅಂಶವನ್ನು ವಿವರಿಸಿ ಸಹಿ ಪಡೆಯಬೇಕಾದ ಪಟ್ಟಿಯೊಂದನ್ನೂ ಕಡ್ಡಾಯ ಮಾಡಿತು. ನೀವು ಯಾವ ದೇಶದಲ್ಲಿದ್ದರೂ ಅಂಥ ಪಟ್ಟಿಯನ್ನು ಮುದ್ರಿಸಿಕೊಂಡು ಹೋಗಿ ಸರ್ಜನ್ ಅವರ ಮುಂದಿಡಿ. ಅದನ್ನು ಕೂತು ಓದಲು ಬೇಸರಪಡುವವರ ಕೈಗೆ ನಿಮ್ಮ ಮೈಯನ್ನು ಒಪ್ಪಿಸಬೇಡಿ.

ನನ್ನ ತಪ್ಪನ್ನು ಹೇಳುತ್ತೇನೆ, ನಿಮಗೆ ಉಪಯೋಗವಾಗಲಿ. 2012ರಲ್ಲಿ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಇಂಪ್ಲಾಂಟಿನ ವಿವರ ಇರುವ ಯಾವ ಕಾರ್ಡನ್ನೂ ನನ್ನ ಕೈಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. 2019ರ ಜುಲೈಯಲ್ಲಿ ಅಲರ್ಗನ್ ಕಂಪನಿ ತನ್ನ ಬಯೊಸೆಲ್ ಎಂಬ ಒರಟು ಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಇಂಪ್ಲಾಂಟಿನ ಸುತ್ತ ಬೆಳೆಯುವ ಪೊರೆಯಲ್ಲಿ ಹುಟ್ಟುವ ಅಪರೂಪದ ಲಿಂಫೋಮಾ (ರೋಗನಿರೋಧಕ ಕೋಶಗಳ ಕ್ಯಾನ್ಸರ್) ಒಂದಿದೆ, ಬಿಐಎ-ಎಎಲ್‌ಸಿಎಲ್ ಎನ್ನುತ್ತಾರೆ; ಅದು ಹೆಚ್ಚಾಗಿ ಕಂಡುಬಂದದ್ದು ಒರಟು ಮೇಲ್ಮೈ ಇರುವವುಗಳಲ್ಲಿ. ಸುದ್ದಿ ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ನನ್ನೊಳಗಿರುವುದು ಯಾವ ಕಂಪನಿಯದು, ಒರಟೋ ನುಣುಪೋ, ಒಂದೂ ಗೊತ್ತಿರಲಿಲ್ಲ. ಆಸ್ಪತ್ರೆಗೆ ನಾಲ್ಕು ಸಲ ಅಲೆದೆ. ಹಳೆಯ ಕಡತ ಸಿಗಲಿಲ್ಲ ಎಂದರು. ಅದಕ್ಕೂ ಮುಂಚೆ, 2010ರಲ್ಲಿ, ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ಬಳಕೆಗೆ ಒಪ್ಪಿಗೆಯಿಲ್ಲದ ಕೈಗಾರಿಕಾ ಸಿಲಿಕೋನನ್ನು ತುಂಬುತ್ತಿತ್ತೆಂದು ಬಯಲಾದಾಗಲೂ ಎಷ್ಟೋ ಹೆಂಗಸರು ಇದೇ ಪ್ರಶ್ನೆ ಹಿಡಿದು ಓಡಾಡಿದ್ದರು.

ಬೇರೊಬ್ಬ ವೈದ್ಯೆಯ ಬಳಿ ಹೋದೆ. ಲಕ್ಷಣಗಳಿಲ್ಲದಿದ್ದರೆ ಹೆದರಿ ತೆಗೆಸಬೇಕಾಗಿಲ್ಲ, ವರ್ಷಗಳ ನಂತರ ಒಂದು ಕಡೆ ಇದ್ದಕ್ಕಿದ್ದಂತೆ ನೀರು ತುಂಬಿ ಊದಿಕೊಂಡರೆ ಅಥವಾ ಗಂಟು ಸಿಕ್ಕರೆ ತಡಮಾಡದೆ ಬನ್ನಿ ಎಂದರು. ಬೇಗ ಪತ್ತೆಯಾದರೆ ಇಂಪ್ಲಾಂಟನ್ನೂ ಸುತ್ತಲಿನ ಪೊರೆಯನ್ನೂ ಪೂರ್ತಿ ತೆಗೆಯುವುದರಿಂದಲೇ ಬಹುಪಾಲು ಜನ ಗುಣವಾಗುತ್ತಾರಂತೆ. ಜೊತೆಗೆ, “ಇಷ್ಟು ವರ್ಷದಲ್ಲಿ ಎಂಆರ್‌ಐ ಮಾಡಿಸಿದ್ದೀರಾ?” ಎಂದು ಕೇಳಿದರು. ಇಲ್ಲ ಎಂದೆ. ಮಾಡಿಸಲು ಇನ್ನೂ ಒಂದೂವರೆ ವರ್ಷ ಮುಂದೂಡಿದೆ, ಅದೂ ನನ್ನದೇ ತಪ್ಪು. ಮಾಡಿಸಿದಾಗ ಬಲಗಡೆಯದು ಒಡೆದಿತ್ತು. ನೋವಿಲ್ಲ, ಆಕಾರ ಬದಲಾಗಿಲ್ಲ, ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಸಿಲಿಕೋನ್ ಜೆಲ್ ಅಂಟಂಟಾಗಿ ಪೊರೆಯೊಳಗೇ ನಿಲ್ಲುತ್ತದೆ, ಹಾಗಾಗಿ ಹೊರಗೆ ಸುಳಿವು ಕೊಡುವುದಿಲ್ಲ. ಉಪ್ಪುನೀರು ತುಂಬಿದ ಸಲೈನ್ ಇಂಪ್ಲಾಂಟ್ ಒಡೆದರೆ ಕೆಲವೇ ದಿನಗಳಲ್ಲಿ ಎದೆ ಚಪ್ಪಟೆಯಾಗುತ್ತದೆ, ಆ ನೀರನ್ನು ಮೈ ಹೀರಿಕೊಳ್ಳುತ್ತದೆ. ಸಿಲಿಕೋನ್ ಹಾಕಿಸಿಕೊಂಡವರು ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂಬುದು ಎಫ್‌ಡಿಎ ಸಲಹೆ. ಈ ತಪಾಸಣೆಗಳ ಹಣವನ್ನು ಯಾರು ಕೊಡುತ್ತಾರೆ, ಎರಡನೆಯ ಶಸ್ತ್ರಚಿಕಿತ್ಸೆಯ ಹಣವನ್ನು ಯಾರು ಕೊಡುತ್ತಾರೆ, ಇವನ್ನು ಇಂದೇ ಲೆಕ್ಕ ಹಾಕಿ. ಹೊರತೆಗೆದಾಗ ಅದರ ಹಿಂಬದಿಯ ಅಚ್ಚು ನೋಡಿ ನನ್ನದು ನುಣುಪು ಮೇಲ್ಮೈಯದು ಎಂದು ತಿಳಿಯಿತು. ಎರಡು ವರ್ಷ ಹೆದರಿದ್ದು ಒಂದು ಕಾರ್ಡು ಇಲ್ಲದ ಕಾರಣಕ್ಕೆ. ತಯಾರಕರ ಹೆಸರು, ಮಾದರಿ, ಅಳತೆ, ಕ್ರಮಸಂಖ್ಯೆ ಇರುವ ಕಾರ್ಡು ಕೈಗೆ ಬರದೆ ನೀವು ಆಸ್ಪತ್ರೆಯ ಮೆಟ್ಟಿಲಿಳಿಯಬೇಡಿ.

ಇನ್ನು 325 ಸಿ.ಸಿ. ಈ ಸಂಖ್ಯೆ ಎಲ್ಲಿಂದ ಬಂತು? ಸರ್ಜನ್ ನಿಮ್ಮ ಎದೆಯ ಅಗಲ ಅಳೆದರೇ, ಚರ್ಮವನ್ನು ಬೆರಳಲ್ಲಿ ಹಿಡಿದು ದಪ್ಪ ನೋಡಿದರೇ? ಅಳತೆ ಟೇಪು ಹಿಡಿದೇ ಬದುಕುವ ನಾನು ಹೇಳುತ್ತೇನೆ: ಕಪ್ ಅಳತೆಯನ್ನು ನಂಬಬೇಡಿ. ಒಂದು ಕಂಪನಿಯ ಸಿ ಇನ್ನೊಂದು ಕಂಪನಿಯ ಡಿ. ಒಂದೇ 325 ಅಗಲ ಎದೆಯವಳ ಮೇಲೆ ಕಾಣುವುದೇ ಇಲ್ಲ, ಕಿರಿದಾದ ಎದೆಯವಳ ಮೇಲೆ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ನನಗೆ ಎಡಕ್ಕೆ 280, ಬಲಕ್ಕೆ 150 ಹಾಕಿದ್ದರು. ಬಟ್ಟೆಗಿಂತ ದೊಡ್ಡ ಅಳತೆಯನ್ನು ಕತ್ತರಿಸಲು ಹೋದರೆ ಹೊಲಿಗೆಯೇ ಬಿಟ್ಟುಕೊಳ್ಳುವಂತೆ, ನಿಮ್ಮ ಚರ್ಮ ಹೊರುವುದಕ್ಕಿಂತ ದೊಡ್ಡದನ್ನು ಇಟ್ಟರೆ ಅಂಚು, ನಿರಿಗೆ ಕಾಣುತ್ತವೆ, ಚರ್ಮ ತೆಳುವಾಗುತ್ತದೆ, ಬೇಗ ಜೋಲುತ್ತದೆ. 325 ಸಿ.ಸಿ. ಸಿಲಿಕೋನ್ ಎಂದರೆ ಒಂದೊಂದು ಕಡೆ ಸುಮಾರು 325 ಗ್ರಾಂ ಭಾರ. ಅಷ್ಟು ನೀರನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಸಡಿಲವಾದ ಒಳ ಉಡುಪಿನಲ್ಲಿಟ್ಟು ಒಂದು ದಿನವಿಡೀ ಮನೆಗೆಲಸ ಮಾಡಿ ನೋಡಿ.

ಸ್ನಾಯುವಿನ ಅಡಿಯಲ್ಲಿ ಇಡುವುದರಿಂದ ಮೇಲಂಚು ಸಹಜವಾಗಿ ಕಾಣುತ್ತದೆ, ತೆಳ್ಳಗಿನವರಿಗೆ ಅದು ಒಳ್ಳೆಯದು. ಆದರೆ ಮೊದಲ ದಿನಗಳ ನೋವು ಹೆಚ್ಚು. ನಾನು ಇಂದಿಗೂ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಹಿಡಿದಾಗ ಸ್ನಾಯು ಬಿಗಿದು ಎದೆ ಮೇಲಕ್ಕೂ ಹೊರಕ್ಕೂ ಸರಿಯುತ್ತದೆ. ಇದನ್ನು ಮೊದಲೇ ತೋರಿಸಿ ಹೇಳುವಂತೆ ಕೇಳಿ. ಎಡ ಮೊಲೆತೊಟ್ಟಿಗೆ ಎಂಟು ತಿಂಗಳು ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಒಂದು ಪಾಲು ಮರಳಿ ಬರಲೇ ಇಲ್ಲ. ಹಾಗೆಯೇ ಸುತ್ತಲಿನ ಪೊರೆ ಕೆಲವರಲ್ಲಿ ಬಿಗಿಯುತ್ತ ಹೋಗಿ ಇಂಪ್ಲಾಂಟನ್ನು ಹಿಂಡುತ್ತದೆ. ಇದನ್ನು ಬೇಕರ್ ದರ್ಜೆ ಎಂದು ಒಂದರಿಂದ ನಾಲ್ಕರವರೆಗೆ ಅಳೆಯುತ್ತಾರೆ. ನನ್ನದು ಎರಡರಲ್ಲಿ ನಿಂತಿತು. ಮೂರರಲ್ಲಿ ಆಕಾರ ಕೆಡುತ್ತದೆ, ನಾಲ್ಕರಲ್ಲಿ ನೋವೂ ಸೇರುತ್ತದೆ, ಮತ್ತೆ ಕೊಯ್ಯಬೇಕಾಗುತ್ತದೆ.

“ವಾರದೊಳಗೆ ಓಡಾಡುತ್ತೀರಿ” ಎಂಬುದು ಸುಳ್ಳಲ್ಲ, ಓಡಾಡಿದೆ. ಆದರೆ ತಲೆಯ ಮೇಲಕ್ಕೆ ಕೈ ಎತ್ತಲು, ದಪ್ಪ ಬಟ್ಟೆಯ ಮೇಲೆ ಕತ್ತರಿ ಆಡಿಸಲು ಆರು ವಾರ ಹಿಡಿಯಿತು. ನಿಮ್ಮ ಚಿಕ್ಕವಳಿಗೆ ಈಗ ಮೂರೂವರೆ ಇರಬೇಕು. ಅಮ್ಮ ಎತ್ತಿಕೊಳ್ಳುವುದಿಲ್ಲ ಎಂದು ಅವಳಿಗೆ ಯಾರು ಹೇಳುತ್ತಾರೆ, ಆ ವಾರಗಳಲ್ಲಿ ಅವಳನ್ನು ಯಾರು ಎತ್ತುತ್ತಾರೆ ಎಂಬುದನ್ನು ದಿನಾಂಕ ಒಪ್ಪುವ ಮೊದಲೇ ಗೊತ್ತುಮಾಡಿಕೊಳ್ಳಿ.

ಹಸಿರುದೀಪ:

ನಾನು ಶಸ್ತ್ರಚಿಕಿತ್ಸೆಯ ನಂತರದ ವಾರ್ಡಿನಲ್ಲಿ ನರ್ಸ್. ತೊರೆಯವರು ಮುಂದಿನ ವರ್ಷಗಳನ್ನು ಹೇಳಿದ್ದಾರೆ, ನಾನು ಮೊದಲ ಎರಡು ದಿನಗಳ ಬಗ್ಗೆ ಹೇಳುತ್ತೇನೆ. ಎರಡೂ ಕಡೆ ಬಿಗಿತ, ಊತ, ಭಾರ ಇರುವುದು ಸಹಜ. ಒಂದೇ ಕಡೆ ಬೇಗಬೇಗ ಊದಿ, ಗಟ್ಟಿಯಾಗಿ, ನೋವು ಏರುತ್ತಿದ್ದರೆ ಒಳಗೆ ರಕ್ತ ತುಂಬುತ್ತಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಹೊರಡಿ. ಜ್ವರ, ಕೆಂಪು, ಗಾಯದಿಂದ ಕೀವು, ಒಂದೇ ಮೀನಖಂಡದಲ್ಲಿ ನೋವು, ಉಸಿರಾಟದ ತೊಂದರೆ, ಇವುಗಳಿಗೂ ಅದೇ ಮಾತು. ರಾತ್ರಿ ಎರಡು ಗಂಟೆಗೆ ಯಾವ ಸಂಖ್ಯೆಗೆ ಕರೆ ಮಾಡಬೇಕು, ಎತ್ತುವವರು ಯಾರು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಸಿಗರೇಟು ಸೇದುವವರಾಗಿದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಿ, ನಂತರವೂ ಮುಟ್ಟಬೇಡಿ. ನಿಕೋಟಿನ್ ಚರ್ಮಕ್ಕೆ ರಕ್ತ ಹರಿಯದಂತೆ ಮಾಡುತ್ತದೆ, ಗಾಯ ಕೂಡಿಕೊಳ್ಳುವುದಿಲ್ಲ. ನಿಕೋಟಿನ್ ಚ್ಯೂಯಿಂಗ್ ಗಮ್ ಕೂಡ ಲೆಕ್ಕಕ್ಕೆ ಬರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಮೀನೆಣ್ಣೆಯ ಗುಳಿಗೆ, ಗಿಡಮೂಲಿಕೆಯ ಔಷಧಿ ಏನೇ ತೆಗೆದುಕೊಳ್ಳುತ್ತಿದ್ದರೂ ಅರಿವಳಿಕೆ ವೈದ್ಯರಿಗೆ ಹೇಳಿ. ಇದು ಹೇಳುವಂಥದ್ದಲ್ಲ ಎಂದು ರೋಗಿ ಬಿಟ್ಟ ಔಷಧಿಯೇ ನಮಗೆ ಕೆಲಸ ಕೊಡುತ್ತದೆ. ಮತ್ತೊಂದು ಮಾತು: ಅರಿವಳಿಕೆ ಕೊಡಲು ಪ್ರತ್ಯೇಕ ವೈದ್ಯರು ಇರುತ್ತಾರೆಯೇ, ಆ ಕಟ್ಟಡದಲ್ಲಿ ತುರ್ತು ಚಿಕಿತ್ಸೆಯ ಸೌಲಭ್ಯ ಇದೆಯೇ ಎಂದು ವಿಚಾರಿಸಿ. ಸಂಕೋಚ ಬೇಡ.

ಕಾಡುಮಲ್ಲಿಗೆ:

ನಾನೂ ಮೂವರಿಗೆ ಹಾಲು ಕೊಟ್ಟವಳು. ಇಂಪ್ಲಾಂಟ್ ಕೇಳಿಕೊಂಡು ಹೋದೆ, ಹಾಕಿಸಿಕೊಳ್ಳದೆ ಬಂದೆ. ಕನ್ನಡಿಯ ಮುಂದೆ ನಿಂತು ನಿಮ್ಮ ಮೊಲೆತೊಟ್ಟು ಸ್ತನದ ಕೆಳಮಡಿಕೆಯ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ನೋಡಿಕೊಳ್ಳಿ. ಇಂಪ್ಲಾಂಟ್ ತುಂಬಿಸುತ್ತದೆ, ಎತ್ತುವುದಿಲ್ಲ. ಜೋಲಿದ ಸ್ತನಕ್ಕೆ ಬರೀ ಇಂಪ್ಲಾಂಟ್ ಇಟ್ಟರೆ ಭಾರ ಹೆಚ್ಚಿದ ಜೋಲು ಅಷ್ಟೆ. ನನಗೆ ಹೆಚ್ಚುವರಿ ಚರ್ಮ ತೆಗೆದು ಎತ್ತಿ ಕೂರಿಸುವ ಶಸ್ತ್ರಚಿಕಿತ್ಸೆ ಮಾತ್ರ ಸಾಕಾಯಿತು. ತೊಟ್ಟಿನ ಸುತ್ತ ಮತ್ತು ಅಲ್ಲಿಂದ ನೇರ ಕೆಳಕ್ಕೆ ಗುರುತು ಉಳಿದಿದೆ. ಗಾತ್ರ ಹೆಚ್ಚಲಿಲ್ಲ, ಸ್ಥಾನ ಸರಿಯಾಯಿತು. ನಿಮಗೆ ಕಾಡುತ್ತಿರುವುದು ಯಾವುದು, ಚಿಕ್ಕದಾದದ್ದೋ ಇಳಿದದ್ದೋ? ನನಗೆ ಇದನ್ನು ಹೇಳಲು ಎರಡನೆಯ ಸರ್ಜನ್ ಬೇಕಾಯಿತು. ಸ್ವಂತ ಕೊಬ್ಬನ್ನು ತೆಗೆದು ತುಂಬುವ ವಿಧಾನವೂ ಇದೆ, ಆದರೆ ತುಂಬಿದ್ದರಲ್ಲಿ ಒಂದು ಭಾಗ ಕರಗುತ್ತದೆ, ದೊಡ್ಡ ಬದಲಾವಣೆ ಸಿಗುವುದಿಲ್ಲ.

ಇಬ್ಬನಿ:

ಎಲ್ಲರಿಗೂ ಕೈಮುಗಿಯುತ್ತೇನೆ. ಕನ್ನಡಿಯ ಮುಂದೆ ನೋಡಿದೆ, ತೊಟ್ಟು ಮಡಿಕೆಗಿಂತ ಒಂದು ಬೆರಳಿನಷ್ಟು ಕೆಳಗಿದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಇನ್ನೆರಡು ಸಂದೇಹ: ಮೂರನೆಯ ಮಗು ಬೇಡ ಎಂದು ನಾವು ಇನ್ನೂ ಖಚಿತ ಮಾಡಿಕೊಂಡಿಲ್ಲ. ಮತ್ತು ನನ್ನ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಬಂದಿತ್ತು.

ಹಸಿರುದೀಪ:

ಚಿಕ್ಕಮ್ಮನ ವಿಷಯವನ್ನು ಸರ್ಜನ್ ಅವರಿಗೆ ಹೇಳಲೇಬೇಕು. ಅವರಿಗೆ ಯಾವ ವಯಸ್ಸಿನಲ್ಲಿ ಬಂತು ಎಂಬುದನ್ನೂ ಕೇಳಿಕೊಂಡು ಹೋಗಿ. ಶಸ್ತ್ರಚಿಕಿತ್ಸೆಗೆ ಮೊದಲು ಸ್ತನದ ಪರೀಕ್ಷೆ ಮಾಡಿಸಿದರೆ ಮುಂದೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ. ಇಂಪ್ಲಾಂಟ್ ಇರುವವರಿಗೂ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡುತ್ತಾರೆ, ಆದರೆ ಇಂಪ್ಲಾಂಟ್ ಅಂಗಾಂಶದ ಒಂದು ಭಾಗವನ್ನು ಮರೆಮಾಡುವುದರಿಂದ ಅದನ್ನು ಹಿಂದಕ್ಕೆ ಸರಿಸಿ ಹೆಚ್ಚಿನ ಚಿತ್ರಗಳನ್ನು ತೆಗೆಯಬೇಕಾಗುತ್ತದೆ. ಪ್ರತಿ ಸಲ ಯಂತ್ರದ ಮುಂದೆ ನಿಲ್ಲುವ ಮೊದಲೇ ತಂತ್ರಜ್ಞರಿಗೆ ತಿಳಿಸಿ.

ತೊರೆ:

ಮಗುವಿನ ಬಗ್ಗೆ: ಇಂಪ್ಲಾಂಟ್ ಇದ್ದರೂ ಅನೇಕರು ಹಾಲು ಕುಡಿಸುತ್ತಾರೆ. ಆದರೆ ಹಾಲು ಕಡಿಮೆಯಾಗುವ ಸಾಧ್ಯತೆ ಇದೆ, ತೊಟ್ಟಿನ ಸುತ್ತ ಕೊಯ್ದವರಿಗೆ ಇನ್ನೂ ಹೆಚ್ಚು. ಅದಕ್ಕಿಂತ ದೊಡ್ಡ ಮಾತು, ಬಸಿರು ಮತ್ತು ಹಾಲು ನಿಮ್ಮ ಎದೆಯ ಆಕಾರವನ್ನು ಮತ್ತೆ ಬದಲಿಸುತ್ತವೆ. ಇಂದು ಸರಿಯಾಗಿ ಕೂರಿಸಿದ್ದು ಮೂರು ವರ್ಷದ ಬಳಿಕ ಸರಿಯಾಗಿ ಕೂರದಿರಬಹುದು. ಮೂರನೆಯ ಮಗುವಿನ ವಿಷಯ ತೀರ್ಮಾನವಾಗುವವರೆಗೆ ನಾನು ನಿಮ್ಮ ಜಾಗದಲ್ಲಿದ್ದರೆ ಕತ್ತರಿ ಮುಟ್ಟುವುದಿಲ್ಲ.

ಇಬ್ಬನಿ:

ಇಂದು ಬೆಳಗ್ಗೆ ಕರೆ ಮಾಡಿ ಆ ದಿನಾಂಕವನ್ನು ರದ್ದು ಮಾಡಿಸಿದೆ. ಆಸೆ ಹೋಗಿಲ್ಲ. ಮುಂದಿನ ತಿಂಗಳು ಬೇರೊಬ್ಬ ಸರ್ಜನ್ ಅವರನ್ನು ನೋಡುತ್ತೇನೆ, ಪಟ್ಟಿಯನ್ನು ಮುದ್ರಿಸಿಕೊಂಡಿದ್ದೇನೆ. ಎತ್ತುವ ಶಸ್ತ್ರಚಿಕಿತ್ಸೆಯ ಬಗ್ಗೆಯೇ ಮೊದಲು ಕೇಳುತ್ತೇನೆ. ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ, ಆಗ ಅವರಿಗೆ 46 ಆಗಿತ್ತಂತೆ.

ತೊರೆ:

ಹೋಗುವಾಗ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಅವರು ಬರೆದುಕೊಳ್ಳಲಿ. ಮೈಮೇಲೆ ಪೆನ್ನಿನಿಂದ ಗೆರೆ ಎಳೆಯುವಾಗ ನಮ್ಮ ಕಿವಿಗೆ ಅರ್ಧ ಮಾತು ಮಾತ್ರ ಬೀಳುತ್ತದೆ.