ಕೆ-2 ಸಾಕಾ, ಟ್ರೈಫೀಲ್ಡ್ ಬೇಕಾ? ಕರೆಂಟ್ ಇಲ್ಲದ ಮನೆಯಲ್ಲಿ ಕೆಂಪು ದೀಪ

ರಾತ್ರಿ_ಕಾವಲು (ದಾವಣಗೆರೆ):
ದೆವ್ವ ಇದೆ ಅನ್ನೋ ಜಾಗಗಳನ್ನು ಪರೀಕ್ಷೆ ಮಾಡೋಕೆ ನಮ್ಮ ತಂಡಕ್ಕೆ ಒಂದು ಇಎಂಎಫ್ ಮೀಟರ್ (ಕರೆಂಟ್ ಹರಿಯುವ ಕಡೆ ಹುಟ್ಟುವ ಕಾಂತಕ್ಷೇತ್ರ, ಅಂದರೆ ಫೀಲ್ಡ್ ಅಳೆಯೋದು) ಬೇಕು. ಸದ್ಯಕ್ಕೆ ಗೆಳೆಯನ ಕೆ-2 ಇದೆ, ಫೀಲ್ಡ್ ಏರಿದಂತೆ ಹಸಿರಿನಿಂದ ಕೆಂಪಿನವರೆಗೆ ದೀಪ ಹತ್ತುವ ಮೀಟರ್. ಹೊಳಲ್ಕೆರೆ ಕಡೆ ಅಡಿಕೆ ತೋಟದೊಳಗಿನ ಒಂದು ಪಾಳು ಮನೆಗೆ ಹೋಗಿದ್ದೆವು. ಅಲ್ಲಿ ಕರೆಂಟ್ ಕಟ್ ಆಗಿ ವರ್ಷಗಳೇ ಆಗಿವೆ. ಸಂಜೆಯಿಂದ ಒಂದೇ ಹಸಿರು ದೀಪ. ರಾತ್ರಿ ಹನ್ನೊಂದರ ಮೇಲೆ ಅಡುಗೆಮನೆ ಗೋಡೆ ಹತ್ತಿರ ಕೆಂಪಿನವರೆಗೂ ಹೋಯಿತು, ಅಂದರೆ 20 ಮಿಲಿಗಾಸ್ (ಫೀಲ್ಡ್ ಅಳೆಯುವ ಮಾನ) ಮೇಲೆ. ಇದನ್ನು ನಂಬಬಹುದಾ? ಅಥವಾ ಟ್ರೈಫೀಲ್ಡ್ ಮೀಟರ್ ತಗೊಳ್ಳೋದಾ?

ದುರ್ಗದ_ಕಲ್ಲು:
ಟ್ರೈಫೀಲ್ಡ್ ಟಿಎಫ್2 ತಗೊಳ್ಳಿ, ಎರಡು ಮಾತಿಲ್ಲ. ಕೆ-2 ಒಂದೇ ದಿಕ್ಕಿನ ಫೀಲ್ಡ್ ಅಳೆಯುತ್ತದೆ, ನಿಂತಲ್ಲೇ ತಿರುಗಿಸಿದರೂ ದೀಪ ಬದಲಾಗುತ್ತೆ. ಟಿಎಫ್2 ಮೂರೂ ದಿಕ್ಕು ಒಟ್ಟಿಗೆ ತಗೊಂಡು 0.1ರಿಂದ 100 ಮಿಲಿಗಾಸ್‌ವರೆಗೆ ಅಂಕಿಯಲ್ಲೇ ತೋರಿಸುತ್ತದೆ. ಇನ್ನೊಂದು ವಿಷಯ, ಹಳೆ ಕೆ-2ರಲ್ಲಿ ಬಟನ್ ಒತ್ತಿ ಹಿಡಿದಿರಬೇಕು. ಬೆರಳು ಸ್ವಲ್ಪ ಸಡಿಲ ಆದರೂ ದೀಪ ಮಿನುಗುತ್ತದೆ. ಫೋನ್ ಪಕ್ಕದಲ್ಲಿದ್ದರಂತೂ ಕೇಳೋದೇ ಬೇಡ.

ಹರಿಹರ_ವೈಂಡಿಂಗ್:
"ಕರೆಂಟ್ ಕಟ್ ಆಗಿ ವರ್ಷಗಳೇ ಆಗಿವೆ" ಅಂತೀರಿ. ಮನೆಗೆ ಇಲ್ಲ, ತೋಟಕ್ಕೆ? ಹನ್ನೊಂದಕ್ಕೆ ತ್ರೀಫೇಸ್ ಬಂದಿರುತ್ತೆ, ಆಟೋ ಸ್ಟಾರ್ಟರ್ ಇದ್ದರೆ ಬೋರ್ ಮೋಟರ್ ತಾನೇ ಆನ್ ಆಗುತ್ತೆ. ಗೋಡೆಯ ಆಚೆ ಪಂಪಿನ ವೈರ್ ಹೋಗಿದೆಯಾ ನೋಡಿದಿರಾ? ನಾನು ಮೋಟರ್ ಕೆಲಸ ಮಾಡೋನು. ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ನಿಮ್ಮ ಕೆಂಪು ದೀಪ ಅಷ್ಟೇ.

ರಾತ್ರಿ_ಕಾವಲು:
"ಹನ್ನೊಂದಕ್ಕೆ ತ್ರೀಫೇಸ್" ಅಂತ ನಿಮಗೆ ಹೇಳಿದವರು ಯಾರು? ತೋಟದವರನ್ನೇ ಕೇಳಿದ್ದೇವೆ. ಆ ವಾರ ಅವರ ಲೈನಿಗೆ ಹಗಲು ಬ್ಯಾಚ್, ಅಂದರೆ ತ್ರೀಫೇಸ್ ಕೊಡೋದು ಹಗಲಲ್ಲಿ.

ಅಡಿಕೆ_ತೋಟ (ಚನ್ನಗಿರಿ):
ಹಗಲು ಬ್ಯಾಚ್ ಅಂತ ಪಟ್ಟಿಯಲ್ಲಿ ಇರುತ್ತೆ, ಬರೋದು ಯಾವಾಗ ಅಂತ ನಮ್ಮನ್ನು ಕೇಳಿ. ಹಗಲು ಎರಡು ತಾಸು ಕೊಟ್ಟು ತೆಗೀತಾರೆ, ಉಳಿದದ್ದನ್ನು ರಾತ್ರಿ ಕೊಡ್ತಾರೆ. ರಾತ್ರಿ ಹಾವು ಚೇಳಿನ ನಡುವೆ ಟಾರ್ಚ್ ಹಿಡಿದು ಹೋಗೋರು ನಾವು.

ದುರ್ಗದ_ಕಲ್ಲು:
ಬ್ಯಾಚ್ ವಿಷಯ ಬಿಡಿ. ಮೂರು ಫೇಸ್ ವೈರ್ ಒಂದೇ ಕೇಬಲ್‌ನಲ್ಲಿ ಸೇರಿದ್ದರೆ ಒಂದರ ಫೀಲ್ಡನ್ನು ಇನ್ನೊಂದು ಹೊಡೆದುಹಾಕುತ್ತದೆ. ಗೋಡೆ ದಾಟಿ 20 ಮಿಲಿಗಾಸ್ ಬರೋದು ಕಷ್ಟ.

ಹರಿಹರ_ವೈಂಡಿಂಗ್:
"ಒಂದೇ ಕೇಬಲ್"! ಯಾವ ತೋಟದಲ್ಲಿ ನೋಡಿದಿರಿ ಸ್ವಾಮಿ? ಜಾಯಿಂಟ್ ಹಾಕಿ ಹಾಕಿ ಮೂರೂ ವೈರ್ ಮೂರು ದಿಕ್ಕಿಗೆ ಹೋಗಿರುತ್ತವೆ. 10 ಆಂಪಿಯರ್ ಹರಿಯುವ ಒಂಟಿ ವೈರ್ 1 ಮೀಟರ್ ದೂರದಲ್ಲೇ 20 ಮಿಲಿಗಾಸ್ ಕೊಡುತ್ತದೆ. ಲೆಕ್ಕ ಹಾಕಿ ನೋಡಿ.

ಜೋಗಿಮಟ್ಟಿ_ಗಾಳಿ:
20 ಮಿಲಿಗಾಸ್‌ಗೆ ಇಷ್ಟು ಗಲಾಟೆಯಾ? ನಮ್ಮ ಕಡೆ ಭೂಮಿಯ ಫೀಲ್ಡೇ ಸುಮಾರು 400 ಮಿಲಿಗಾಸ್ ಇದೆ.

ದುರ್ಗದ_ಕಲ್ಲು:
ಭೂಮಿಯದು ಅಲುಗಾಡದ ಫೀಲ್ಡ್ ಅಣ್ಣಾ. ಈ ಮೀಟರ್‌ಗಳು ಅಳೆಯೋದು ನಮ್ಮ 50 ಹರ್ಟ್ಸ್ ಕರೆಂಟಿನ ಥರ ಏರಿಳಿಯುವುದನ್ನು. ಸುಮ್ನೆ ಎರಡನ್ನೂ ಬೆರೆಸಬೇಡಿ.

ತುಂಗಭದ್ರಾ_ತೀರ:
ಎಲ್ಲರೂ ವೈರ್ ಹಿಂದೆ ಬಿದ್ದಿದ್ದೀರಿ. ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ತಂಡ ಅಳೆದು 2003ರಲ್ಲಿ ಪ್ರಕಟ ಮಾಡಿದೆ. ಫೀಲ್ಡ್ ಜಾಸ್ತಿ ಏರಿಳಿಯುವ ಜಾಗದಲ್ಲೇ ಜನರಿಗೆ ವಿಚಿತ್ರ ಅನುಭವ ಜಾಸ್ತಿ. ಇದಕ್ಕಿಂತ ಸಾಕ್ಷಿ ಬೇಕಾ?

ಜೋಗಿಮಟ್ಟಿ_ಗಾಳಿ:
ಅರ್ಧ ಹೇಳಿದಿರಿ ಮೇಡಂ. ಅದೇ ತಂಡ ಇದಕ್ಕೆ ಕಾರಣ ದೆವ್ವ ಅಲ್ಲ, ಸುತ್ತಲಿನ ವಾತಾವರಣ ಅಂತಲೂ ಹೇಳಿದೆ. ತಲೆಗೆ ಫೀಲ್ಡ್ ಕೊಟ್ಟರೆ ಯಾರೋ ಪಕ್ಕದಲ್ಲಿ ಇದ್ದಂತೆ ಅನ್ನಿಸುತ್ತೆ ಅಂತ ಕೆನಡಾದ ವಿಜ್ಞಾನಿ ಪರ್ಸಿಂಗರ್ ಹೇಳಿದ್ದನ್ನು ಸ್ವೀಡನ್‌ನಲ್ಲಿ ಮತ್ತೆ ಮಾಡಿ ನೋಡಿ, ಫೀಲ್ಡಿನಿಂದ ಏನೂ ಆಗಲಿಲ್ಲ ಅಂತ 2005ರಲ್ಲಿ ಬರೆದರು.

ತುಂಗಭದ್ರಾ_ತೀರ:
"ವಾತಾವರಣ" ಅಂದರೆ ಏನು ಅಂತ ನೀವೇ ಹೇಳಿ ನೋಡೋಣ. ಆ ಮನೆಯ ವಾತಾವರಣ ಯಾಕೆ ಹಾಗಿದೆ ಅನ್ನೋದೇ ನನ್ನ ಪ್ರಶ್ನೆ.

ಹರಿಹರ_ವೈಂಡಿಂಗ್:
ಮೋಟರ್ ಓಡ್ತಿದೆ, ಅದಕ್ಕೆ! ಎಷ್ಟು ಸಲ ಹೇಳಬೇಕು?

ರಾತ್ರಿ_ಕಾವಲು:
ಮೋಟರ್ ಓಡಿದ್ದರೆ ಸದ್ದು ಕೇಳ್ತಿರಲಿಲ್ವಾ? ಆರು ಜನ ಇದ್ದೆವು, ಕಿವುಡರಲ್ಲ.

ಅಡಿಕೆ_ತೋಟ:
ಸಬ್‌ಮರ್ಸಿಬಲ್ ಸದ್ದು ಕೇಳುತ್ತಾ? ಆರೇಳು ನೂರು ಅಡಿ ಕೆಳಗೆ ಇರುತ್ತೆ ಮಾರಾಯರೇ. ತೋಟ ನೋಡದವರು ತೋಟದಲ್ಲಿ ದೆವ್ವ ಹುಡುಕೋಕೆ ಹೋಗ್ತೀರಿ.

ರಾತ್ರಿ_ಕಾವಲು:
ತೋಟ ನೋಡದವರಾ? ನಮ್ಮಪ್ಪನದೂ ಎರಡು ಎಕರೆ ಇದೆ. ಮಾತು ನೋಡಿಕೊಂಡು ಆಡಿ. ನೀರು ಬಂದಿದ್ದರೆ ಪೈಪಿನ ಬಾಯಲ್ಲಿ ಸದ್ದು ಆಗಬೇಕಲ್ಲ?

ಅಡಿಕೆ_ತೋಟ:
ಡ್ರಿಪ್‌ಗೆ ಎಲ್ಲಿಯ ಸದ್ದು? ಎರಡು ಎಕರೆ ಇರೋರು ಇದನ್ನೂ ಕೇಳ್ತೀರಾ?

ದುರ್ಗದ_ಕಲ್ಲು:
ಕೇಳಿದ್ದು ಮೀಟರ್ ಬಗ್ಗೆ. ಟಿಎಫ್2 ತಗೊಂಡು ಮೊದಲು ಹಗಲು ಇಡೀ ಮನೆ ಅಳೆದು ನಕ್ಷೆಯಲ್ಲಿ ಬರೆದಿಡಿ. ರಾತ್ರಿ ಬರುವ ಅಂಕಿಯನ್ನು ಅದರ ಜೊತೆ ಹೋಲಿಸಿ. ಫೋನ್‌ಗಳೆಲ್ಲ ಏರೋಪ್ಲೇನ್ ಮೋಡ್‌ನಲ್ಲಿರಲಿ.

ತುಂಗಭದ್ರಾ_ತೀರ:
ಹಗಲು ಅಳೆದು ಏನು ಪ್ರಯೋಜನ? ಘಟನೆ ಆಗೋದೇ ರಾತ್ರಿ.

ಹರಿಹರ_ವೈಂಡಿಂಗ್:
ನಕ್ಷೆ ಗಿಕ್ಷೆ ಯಾಕೆ? ರಾತ್ರಿ ಸ್ಟಾರ್ಟರ್‌ನ ಮೂರು ಫ್ಯೂಸ್ ಕಿತ್ತಿಟ್ಟು ಅದೇ ಗೋಡೆ ಹತ್ತಿರ ನಿಂತುಕೊಳ್ಳಿ. ಕೆ-2 ಸಾಕು. ಕೆಂಪು ಬಂದರೆ ನಾನೇ ಬಂದು ನೋಡ್ತೀನಿ.

ರಾತ್ರಿ_ಕಾವಲು:
ಸರಿ, ಶನಿವಾರ ಹೋಗ್ತಿದ್ದೇವೆ. ಕೆಂಪು ಬಂದ ಮೇಲೆ ಮಾತು ಬದಲಿಸಬೇಡಿ.

ಅಡಿಕೆ_ತೋಟ:
ಯಾರದ್ದೋ ತೋಟದ ಫ್ಯೂಸ್ ಕೀಳಿ ಅಂತ ಹೇಳೋಕೆ ಇವರು ಯಾರು? ಈ ಬಿಸಿಲಲ್ಲಿ ಒಂದು ರಾತ್ರಿ ನೀರು ತಪ್ಪಿದರೆ ಗಿಡಕ್ಕೆ ಏನಾಗುತ್ತೆ ಅಂತ ಗೊತ್ತಾ? ತೋಟದ ಯಜಮಾನರನ್ನು ಕೇಳದೆ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕಬೇಡಿ.