ಗಣಿ ಸುರಂಗದ ಬಾಯಿಯ ಮುಂದೆ ಕಲ್ಲು ತುಂಬಿ ಮಾಡಿದ ಅಂಗಳ: ಇಳಿಜಾರನ್ನು ಸಡಿಲಿಸಿದರೆ ಸಾಕೇ?

ಪ್ರಶ್ನೆ
ಬೆಟ್ಟದ ಪಕ್ಕೆಯಲ್ಲಿ ಕೊರೆಯುತ್ತಿರುವ ನಮ್ಮ ಸುರಂಗದ ಬಾಯಿಯ ಮುಂದೆ, ಒಳಗೆ ಸಿಡಿಸಿದ ಕಲ್ಲನ್ನೇ ತಂದು ಸುರಿದು, ಕಂಪ್ರೆಸರ್ ಮತ್ತು ಟಿಪ್ಪರ್‌ಗಳು ನಿಲ್ಲುವಷ್ಟು ಅಂಗಳ ಮಾಡಿಕೊಂಡಿದ್ದೇವೆ. ಮೂಲ ಬೆಟ್ಟದ ಇಳಿಜಾರು 22 ಡಿಗ್ರಿ ಇದ್ದು, ಅಂಗಳದ ಹೊರ ಅಂಚಿನ ಕೆಳಗೆ ತುಂಬಿದ ಕಲ್ಲಿನ ಆಳ 12 ಮೀಟರ್ ಇದೆ. ಸುರಿದ ಕಲ್ಲು ತಾನಾಗಿಯೇ 38 ಡಿಗ್ರಿಯಲ್ಲಿ ನಿಂತಿದೆ. ಎರಡು ವಾರ ಮಳೆ ಹಿಡಿದ ಮೇಲೆ, ಅಂಚಿನಿಂದ ಮೂರು ಮೀಟರ್ ಒಳಗೆ, ಅಂಚಿನುದ್ದಕ್ಕೂ ಸಣ್ಣ ಬಿರುಕೊಂದು ಕಾಣಿಸಿದೆ. ಅಡ್ಡಕ್ಕೆ 2, ಎತ್ತರಕ್ಕೆ 1ರಂತೆ ಇಳಿಜಾರನ್ನು ಸಡಿಲಿಸಿದರೆ ಸಾಕು ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಕೆಳಗೆ ಕಾರ್ಮಿಕರ ಶೆಡ್ಡುಗಳಿರುವುದರಿಂದ ನನಗೆ ನೆಮ್ಮದಿಯಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1
ಲೆಕ್ಕಕ್ಕಿಂತ ಮೊದಲು ಶೆಡ್ಡುಗಳನ್ನು ತೆರವು ಮಾಡಿಸಿ, ಅಂಚಿನ ಕಡೆಗೆ ಟಿಪ್ಪರ್ ಹೋಗದಂತೆ ತಡೆಯಿರಿ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು, ಅವುಗಳ ನಡುವಿನ ಅಂತರವನ್ನು ದಿನಕ್ಕೆ ಎರಡು ಬಾರಿ ಅಳೆದು ಬರೆದಿಡಿ.

ಸಡಿಲವಾಗಿ ಸುರಿದ ಕಲ್ಲು ತಾನಾಗಿ ನಿಂತ ಕೋನವೆಂದರೆ ಹೆಚ್ಚುಕಡಿಮೆ ಅದರ ಘರ್ಷಣಾ ಕೋನವೇ (ಕಲ್ಲುಗಳ ನಡುವಿನ ತಿಕ್ಕಾಟವೊಂದೇ ಜಾರದಂತೆ ಹಿಡಿದಿಡಬಲ್ಲ ಗರಿಷ್ಠ ಇಳಿಜಾರು) ಆಗಿರುವುದರಿಂದ, ಒಣಗಿದ್ದಾಗಲೂ ಆ ಮೈಯ ಸುರಕ್ಷತಾ ಗುಣಾಂಕ (ಜಾರದಂತೆ ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದ್ದು; 1ಕ್ಕಿಂತ ಕಡಿಮೆಯಾದರೆ ಕುಸಿತ) 1ರ ಆಸುಪಾಸಿನಲ್ಲೇ ಇರುತ್ತದೆ. ನಮ್ಮ ಕಲ್ಲಿದ್ದಲು ಗಣಿ ನಿಯಮಗಳು ಕೂಡ ತ್ಯಾಜ್ಯ ರಾಶಿಯ ಇಳಿಜಾರು 37.5 ಡಿಗ್ರಿ ಮೀರಬಾರದೆನ್ನುತ್ತವೆ.

ಆದರೆ ಗುತ್ತಿಗೆದಾರರ ಸಲಹೆ ನಿಮ್ಮ ಬೆಟ್ಟಕ್ಕೆ ಹೊಂದುವುದಿಲ್ಲ. ಈಗ ರಾಶಿಯ ಬುಡ ಅಂಚಿನಿಂದ ಅಡ್ಡಕ್ಕೆ ಸುಮಾರು 32 ಮೀಟರ್ ದೂರದಲ್ಲಿದೆ. 1.5ಕ್ಕೆ 1ರಂತೆ ಮಾಡಿದರೆ ಅದು 46 ಮೀಟರ್ ಆಗುತ್ತದೆ. 2ಕ್ಕೆ 1ರಂತೆ ಮಾಡಿದರೆ ಇಳಿಜಾರು 26.6 ಡಿಗ್ರಿಗೆ ಬಂದು ಬೆಟ್ಟದ 22 ಡಿಗ್ರಿಗೆ ತೀರಾ ಹತ್ತಿರವಾಗುವುದರಿಂದ, ಬುಡ ಅಡ್ಡಕ್ಕೆ 125 ಮೀಟರ್ ದೂರಕ್ಕೆ ಹೋಗಿ ಮುಟ್ಟುತ್ತದೆ. ಅಷ್ಟು ಕಲ್ಲನ್ನು ಹೊರಿಸುವ ಬದಲು ಅಂಗಳವನ್ನೇ ಕಿರಿದು ಮಾಡಿ, ಕಲ್ಲನ್ನು ಬುಡದಿಂದ ಮೇಲಕ್ಕೆ ಪದರ ಪದರವಾಗಿ ಹಾಸಿ ರೋಲರ್ ಓಡಿಸಿ. ಹಾಗೆ ಗಟ್ಟಿಯಾದ ಗಡುಸು ಕಲ್ಲಿಗೆ 42 ಡಿಗ್ರಿ ಘರ್ಷಣಾ ಕೋನ ಸಿಕ್ಕರೆ, 1.5ಕ್ಕೆ 1ರ ಇಳಿಜಾರಿನಲ್ಲಿ ಗುಣಾಂಕ 1.35 ಬರುತ್ತದೆ.

ಉತ್ತರ 2
ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದು ಕಲ್ಲಿನ ಮೈಯ ಲೆಕ್ಕ ಮಾತ್ರ. ನನ್ನ ಆತಂಕವೆಲ್ಲ ಕಲ್ಲಿನ ಅಡಿಯ ನೆಲದ್ದು. ಹುಲ್ಲು, ಬೇರು, ಮೇಲ್ಮಣ್ಣು ತೆಗೆಯದೆ, ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯದೆ ಸುರಿದಿದ್ದರೆ, ಇಡೀ ರಾಶಿ ಆ ಮಣ್ಣಿನ ಪದರದ ಮೇಲೆಯೇ ಜಾರಬಹುದು. ಆ ಮಣ್ಣಿನ ಘರ್ಷಣಾ ಕೋನ 28 ಡಿಗ್ರಿ ಎಂದುಕೊಂಡರೆ ಒಣಗಿದ್ದಾಗ ಗುಣಾಂಕ 1.3 ಇರುತ್ತದೆ, ನೀರಿನ ಒತ್ತಡ ಏರಿದಾಗ 1ಕ್ಕಿಂತ ಕೆಳಗೆ ಇಳಿಯಬಲ್ಲದು.

ವೇಲ್ಸ್‌ನ ಅಬರ್‌ಫಾನ್‌ನಲ್ಲಿ 1966ರ ಅಕ್ಟೋಬರ್ 21ರಂದು ಕುಸಿದ ಗಣಿ ತ್ಯಾಜ್ಯದ ರಾಶಿಯನ್ನು ಒರತೆಗಳ ಮೇಲೆ ಹಾಕಲಾಗಿತ್ತು. ಸತ್ತ 144 ಜನರಲ್ಲಿ 116 ಮಂದಿ ಮಕ್ಕಳು. ಅಲ್ಲಿಯದು ನುಣ್ಣನೆಯ ಪುಡಿ ತ್ಯಾಜ್ಯವೂ ಸೇರಿದ್ದ ರಾಶಿ, ನಿಮ್ಮದು ಕಲ್ಲು. ಆದರೂ ಒರತೆಯ ವಿಷಯದಲ್ಲಿ ಭೇದವಿಲ್ಲ. ಸುರಂಗದಿಂದ ಹೊರಬರುವ ನೀರು ಎಲ್ಲಿಗೆ ಹೋಗುತ್ತಿದೆ? ನಿಮ್ಮ ಕಲ್ಲು ಕೈಯಲ್ಲಿ ಪುಡಿಯಾಗುವ ಜಾತಿಯದೇ? ಹಾಗಿದ್ದರೆ ಸಂದುಗಳು ಮುಚ್ಚಿಕೊಂಡು ನೀರು ಒಳಗೇ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರಿಂದ
ಇಬ್ಬರಿಗೂ ಕೃತಜ್ಞತೆಗಳು. ಶೆಡ್ಡುಗಳನ್ನು ಇಂದು ಸಂಜೆಯೇ ಖಾಲಿ ಮಾಡಿಸಿದೆವು. ಬುಡಕ್ಕೆ ಇಳಿದು ನೋಡಿದಾಗ ಎರಡು ಕಡೆ ಕೆಸರು ಬೆರೆತ ನೀರು ಜಿನುಗುತ್ತಿತ್ತು. ಸುರಂಗದ ಚರಂಡಿ ಅಂಗಳದ ಕಲ್ಲಿನೊಳಗೇ ಇಂಗುತ್ತಿದೆ. ನಾಳೆ ಬೆಳಿಗ್ಗೆ ಅದನ್ನು ಪೈಪಿನಲ್ಲಿ ರಾಶಿಯಾಚೆಯ ಹಳ್ಳಕ್ಕೆ ಒಯ್ಯುತ್ತೇವೆ. ಬಿರುಕಿನ ಅಳತೆಗಳನ್ನು ಇಲ್ಲಿಯೇ ಬರೆಯುತ್ತೇನೆ.