ಶನಿಯ ಚಿತ್ರದ ಬಣ್ಣ ನಿಜವೇ?

ಪ್ರಶ್ನೆ: 2013ರ ಜುಲೈ 19ರಂದು ಕ್ಯಾಸಿನಿ ಬಾಹ್ಯಾಕಾಶ ನೌಕೆಯು ಶನಿಯ ನೆರಳಿನಲ್ಲಿ ಸಾಗುತ್ತಾ ತೆಗೆದ ಚಿತ್ರವನ್ನು ಎಷ್ಟು ನೋಡಿದರೂ ತಣಿಯದ ನನಗೆ, ಉಂಗುರಗಳ ಆ ಬಣ್ಣ ನಿಜವೋ ಬಳಿದದ್ದೋ ಎಂಬ ಸಂದೇಹವಿದೆ. ಬಲ್ಲವರು ತಿಳಿಸಬೇಕು.

ಉತ್ತರ 1: ಬಳಿದದ್ದಲ್ಲ. ಕ್ಯಾಸಿನಿಯ ಕ್ಯಾಮೆರಾ ಗ್ರಹಿಸುತ್ತಿದ್ದುದು ಬರಿಯ ಕಪ್ಪು-ಬಿಳುಪನ್ನು. ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಮೂಲಕ ಒಂದೊಂದಾಗಿ ತೆಗೆದ ಚಿತ್ರಗಳನ್ನು ಇಲ್ಲಿ ಭೂಮಿಯ ಮೇಲೆ ಬೆಸೆದಾಗ ಕಣ್ಣಿಗೆ ಕಾಣಬಹುದಾದ ಸಹಜ ವರ್ಣ ಮೂಡುತ್ತದೆ. ನೀವು ಹೇಳಿದ್ದು ಅಂತಹ 141 ಚಿತ್ರಗಳ ಜೋಡಣೆ.

ಉತ್ತರ 2: ಆದರೂ ಮಸುಕಾದ ಹೊರ ಉಂಗುರಗಳ ಹೊಳಪನ್ನು ಹೆಚ್ಚಿಸಿದ್ದಾರೆ, ಇಲ್ಲದಿದ್ದರೆ ಅವು ಕಾಣುತ್ತಲೇ ಇರಲಿಲ್ಲ. ಬಲಗಡೆ ಕೆಳಗಿರುವ ನಸುನೀಲಿ ಚುಕ್ಕೆ, ಸುಮಾರು 144 ಕೋಟಿ ಕಿಲೋಮೀಟರ್ ದೂರದ ನಮ್ಮ ಭೂಮಿ. (ಮೊದಲ ಸಲ ಅದನ್ನು ಪರದೆಯ ಮೇಲಿನ ಧೂಳೆಂದು ಭಾವಿಸಿ ಒರೆಸಿದ್ದೆ.)

ಪ್ರಶ್ನಿಸಿದವರು: ಧನ್ಯವಾದಗಳು. ಚುಕ್ಕೆ ಸಿಕ್ಕಿತು.